ಟೀ ಪಾಟ್, ನಾಲ್ಕು ಪಾತ್ರೆ ಮತ್ತು ತಿದ್ದಿದ ಒಂದು ಅಂಕಿ
(7ನೇ ತರಗತಿ ‘ಉಷ್ಣ’ ಘಟಕದ ಬೋಧನಾನುಭವ)

ಎರಡನೇ ಹಂತದ ಅಭ್ಯಾಸ ಬೋಧನೆಯಲ್ಲಿ ನನಗೆ ಬಂದದ್ದು 7ನೇ ತರಗತಿಯ ವಿಜ್ಞಾನ, ‘ಉಷ್ಣ’ ಘಟಕ. ಮೈಸೂರಿನ ಹೊರವಲಯದ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, 34 ಮಕ್ಕಳು, 40 ನಿಮಿಷದ ಅವಧಿ. ವಹನ, ಸಂವಹನ, ವಿಕಿರಣ ಮೂರನ್ನೂ ಒಂದೇ ವಸ್ತುವಿನಲ್ಲಿ ತೋರಿಸಲು ಸಾಧ್ಯವೇ ಎಂದು ಯೋಚಿಸುತ್ತಿದ್ದಾಗ ನೆನಪಾದದ್ದು ನಮ್ಮ ಚಿಕ್ಕಮ್ಮನ ಟೀ ಪಾಟ್. ಅವರು ಹಾಲು ಬಿಟ್ಟು ಎಲೆ ಚಹಾ ಕುಡಿಯುವವರು. ಪಾಟ್ ಸ್ಟೀಲಿನದು, ಎರಡು ಗೋಡೆ, ನಡುವೆ ನಿರ್ವಾತ, ಒಳಗೆ ಎಲೆ ಹಾಕಲು ಜಾಲರಿಯ ಬುಟ್ಟಿ.

ನಮ್ಮಲ್ಲಿ ಹೆಚ್ಚಿನವರು ಕಲಿಕೋಪಕರಣವಾಗಿ ಹಳೆಯ ಗಾಜಿನ ಫ್ಲಾಸ್ಕ್ ಒಯ್ಯುತ್ತಾರೆ. ಅದು ಒಡೆಯುವ ಭಯ ಇದ್ದೇ ಇದೆ. ಸ್ಟೀಲ್ ಪಾಟ್‌ಗೆ ಆ ಭಯವಿಲ್ಲ, ಮೇಲಾಗಿ ಅದನ್ನು ‘ಏಕೆ ಹೀಗೆ ಮಾಡಿದ್ದಾರೆ?’ ಎಂದು ಭಾಗ ಭಾಗವಾಗಿ ಕೇಳಬಹುದು. ಪಾಠಕ್ಕೆಂದು ಕೊಳ್ಳುವವರು, ಎರವಲು ತರುವವರು ಕೆಲವು ಸಂಗತಿ ನೋಡಿಕೊಳ್ಳಬೇಕು. ಕುದಿನೀರು ಹಾಕಿ ಐದು ನಿಮಿಷ ಬಿಟ್ಟು ಹೊರಗೋಡೆ ಮುಟ್ಟಿ ನೋಡಿ. ಬಿಸಿ ತಗುಲಿದರೆ ಒಳಗಿನ ನಿರ್ವಾತ ಹೋಗಿದೆ ಎಂದರ್ಥ, ಅಂಥ ಪಾಟ್ ಬೇಡ. ಜಾಲರಿಯ ಬುಟ್ಟಿ ಆಳವಾಗಿರಬೇಕು, ಬೇಕಾದಾಗ ಹೊರಗೆ ಎತ್ತಲು ಬರಬೇಕು. ಒಣ ಎಲೆ ನೀರಿನಲ್ಲಿ ಅರಳಿ ಎಷ್ಟೋ ಪಟ್ಟು ಹಿಗ್ಗುತ್ತದೆ, ನಿಂಬೆಹಣ್ಣಿನಷ್ಟು ಗಾತ್ರದ ಬುಟ್ಟಿಯಲ್ಲಿ ಅದಕ್ಕೆ ಜಾಗ ಸಾಲದು. ಕೈಯೋ ಬ್ರಷ್ಷೋ ಹೋಗುವಷ್ಟು ಬಾಯಿ ಅಗಲವಿರಲಿ. ಕರೆ ಹಿಡಿದರೆ ಅಡುಗೆ ಸೋಡಾ ಹಾಕಿದ ಬಿಸಿನೀರು ಸಾಕು.

ನನ್ನ ಪಾಠಯೋಜನೆ ಸರಳವಾಗಿತ್ತು. ನಾಲ್ಕು ಪಾತ್ರೆ: ಮುಚ್ಚಳವಿರುವ ಸ್ಟೀಲ್ ಡಬ್ಬಿ, ಪಿಂಗಾಣಿ ಟೀ ಪಾಟ್, ಅಂಥದೇ ಇನ್ನೊಂದಕ್ಕೆ ಸುತ್ತಲೂ ಟವೆಲ್, ಕೊನೆಗೆ ನಿರ್ವಾತದ ಪಾಟ್. ಪ್ರತಿಯೊಂದಕ್ಕೂ 500 ಮಿ.ಲೀ. ಕುದಿನೀರು. ಬಿಸಿಯೂಟದ ಅಕ್ಕ ನೀರು ಕುದಿಸಿ ಕೊಟ್ಟರು, ಸುರಿದದ್ದು ನಾನೇ; ಮಕ್ಕಳ ಕೆಲಸ ತಾಪಮಾಪಕ ಓದುವುದಷ್ಟೇ. ಕುದಿಯುವ ನೀರು 97 ಡಿಗ್ರಿ ತೋರಿಸಿದಾಗ ‘100 ಇಲ್ವಲ್ಲ ಮಿಸ್’ ಎಂದರು. ಮೈಸೂರು ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಎತ್ತರದಲ್ಲಿದೆ, ಇಲ್ಲಿ ವಾಯುಒತ್ತಡ ಕಡಿಮೆ, ಆದ್ದರಿಂದ ಕುದಿಬಿಂದುವೂ ಕಡಿಮೆ ಎಂದು ಹೇಳಿದೆ. ಇದಕ್ಕೆ ನಾನು ತಯಾರಾಗಿದ್ದೆ. ಮುಂದಿನದಕ್ಕೆ ಆಗಿರಲಿಲ್ಲ.

ಯೋಜನೆಯಲ್ಲಿ ‘ನಿರೀಕ್ಷಿತ ಫಲಿತಾಂಶ’ ಎಂಬ ಕಾಲಂನಲ್ಲಿ ನಾನು ಬರೆದಿದ್ದೆ: ಸ್ಟೀಲ್ ಉತ್ತಮ ಉಷ್ಣವಾಹಕ, ಆದ್ದರಿಂದ ಅದರ ನೀರು ಎಲ್ಲಕ್ಕಿಂತ ಬೇಗ ತಣ್ಣಗಾಗುತ್ತದೆ, ಪಿಂಗಾಣಿ ದುರ್ಬಲ ವಾಹಕ, ಹೆಚ್ಚು ಹೊತ್ತು ಬಿಸಿ ಇರುತ್ತದೆ. 20 ನಿಮಿಷದ ನಂತರ ಮಕ್ಕಳು ಒಬ್ಬೊಬ್ಬರಾಗಿ ಬಂದು ಓದಿದರು. ನಿರ್ವಾತದ ಪಾಟ್ 87. ಟವೆಲ್ ಸುತ್ತಿದ್ದು 75. ಬರಿಯ ಪಿಂಗಾಣಿ 69. ಸ್ಟೀಲ್ ಡಬ್ಬಿಯ ಮುಂದೆ ನಿಂತಿದ್ದ ಹುಡುಗಿ ‘78’ ಎಂದಳು.

‘ಇನ್ನೊಂದ್ಸಲ ಸರಿಯಾಗಿ ನೋಡಮ್ಮ’ ಎಂದೆ. ಅವಳು ಬಗ್ಗಿ ನೋಡಿದಳು, ನನ್ನ ಮುಖ ನೋಡಿದಳು, ಮತ್ತೆ ಬಗ್ಗಿದಳು. ‘68, ಮಿಸ್.’ ‘ಹಾಂ, ಸರಿ’ ಎಂದು ಕಪ್ಪುಹಲಗೆಯ ಮೇಲೆ 68 ಬರೆದೆ. ಪಾಠ ಯೋಜನೆಯಂತೆ ಮುಗಿಯಿತು. ಮಾರ್ಗದರ್ಶಕರು ಬರುವಷ್ಟರಲ್ಲಿ ಅಳತೆಯ ಭಾಗ ಮುಗಿದಿತ್ತು. ವೀಕ್ಷಣಾ ಪುಸ್ತಕದಲ್ಲಿ ‘ಚಟುವಟಿಕೆ ಉತ್ತಮ, ಮಕ್ಕಳ ಭಾಗವಹಿಸುವಿಕೆ ಚೆನ್ನಾಗಿದೆ’ ಎಂದು ಬರೆದರು.

ಸಂಜೆ ಸಹಪಾಠಿ ವೀಕ್ಷಕಿಯ ಟಿಪ್ಪಣಿ ಕೈಗೆ ಬಂತು. ಅದರಲ್ಲಿ ಯಾವ ಟೀಕೆಯೂ ಇರಲಿಲ್ಲ. ಸಮಯ, ಪಾತ್ರೆ, ಅಂಕಿ. ಸ್ಟೀಲ್ ಡಬ್ಬಿಯ ಎದುರಿಗೆ ಮಾತ್ರ ‘78 (ಶಿಕ್ಷಕಿ ಹೇಳಿದ ಮೇಲೆ 68)’. ನಾನು ಹಾಸ್ಟೆಲ್‌ನಲ್ಲಿ ಅದೇ ಡಬ್ಬಿ, ಅದೇ ಪಿಂಗಾಣಿ ಪಾಟ್ ಇಟ್ಟುಕೊಂಡು ಎರಡು ಸಲ ಅಳೆದೆ. ಎರಡು ಸಲವೂ ಸ್ಟೀಲೇ ಹೆಚ್ಚು ಬಿಸಿ.

ಕಾರಣ ಹುಡುಕಿದಾಗ ನಾಚಿಕೆಯಾಯಿತು, ಬಿ.ಎಸ್ಸಿ.ಯಲ್ಲಿ ಓದಿದ್ದೇ. ಗೋಡೆ ಇಷ್ಟು ತೆಳುವಾಗಿರುವಾಗ ಅದು ವಾಹಕವೋ ಅಲ್ಲವೋ ಎಂಬುದು ದೊಡ್ಡ ವಿಷಯವಲ್ಲ. ಹೊರಮೈಯಿಂದ ಗಾಳಿಗೂ ಕೋಣೆಗೂ ಉಷ್ಣ ಎಷ್ಟು ಬೇಗ ಹೋಗುತ್ತದೆ ಎಂಬುದೇ ಮುಖ್ಯ. ಹೊಳೆಯುವ ಲೋಹದ ಮೈ ಉಷ್ಣವನ್ನು ವಿಕಿರಣವಾಗಿ ಬಹಳ ಕಡಿಮೆ ಹೊರಬಿಡುತ್ತದೆ, ಪಿಂಗಾಣಿ ಧಾರಾಳವಾಗಿ ಬಿಡುತ್ತದೆ. ಜಾನ್ ಲೆಸ್ಲಿ ಬಿಸಿನೀರು ತುಂಬಿದ ಲೋಹದ ಘನಾಕೃತಿಯ ಮುಖಗಳನ್ನು ಬೇರೆ ಬೇರೆ ರೀತಿ ಮಾಡಿ ಇದನ್ನೇ ತೋರಿಸಿ 1804ರಲ್ಲಿ ಪ್ರಕಟಿಸಿದ್ದರು. ಎರಡನೆಯ ಕಾರಣ, ದಪ್ಪ ಪಿಂಗಾಣಿ ತಾನು ಬಿಸಿಯಾಗಲು ನೀರಿನ ಉಷ್ಣವನ್ನೇ ಹೀರುತ್ತದೆ. ಸುರಿದ ಕೂಡಲೇ ನೀರಿನ ತಾಪ ಹತ್ತು ಡಿಗ್ರಿಗೂ ಹೆಚ್ಚು ಇಳಿದಿತ್ತು. ಚಹಾ ಮಾಡುವವರು ಮೊದಲು ಪಾಟ್‌ಗೆ ಬಿಸಿನೀರು ಹಾಕಿ ಎರಡು ನಿಮಿಷ ಬಿಟ್ಟು ಚೆಲ್ಲುವುದು ಇದಕ್ಕೇ.

ಮರುದಿನ ಮಾರ್ಗದರ್ಶಕರಿಗೆ ಮೊದಲು ಹೇಳಿದೆ. ಅವರು ಪುಸ್ತಕ ತೆರೆದು ಬರೆದದ್ದನ್ನು ಹೊಡೆದುಹಾಕಲಿಲ್ಲ, ಕೆಳಗೆ ‘ಮರುಪಾಠ ನೋಡುತ್ತೇನೆ’ ಎಂದಷ್ಟೇ ಸೇರಿಸಿದರು. ತರಗತಿಯಲ್ಲಿ ಹಲಗೆಯ ಮೇಲೆ 68 ಬರೆದು, ಹೊಡೆದು, 78 ಬರೆದೆ. ‘ನಿನ್ನೆ ಅವಳು ಓದಿದ್ದು ಸರಿ. ತಪ್ಪು ನನ್ನದು. ನನ್ನ ಪುಸ್ತಕದಲ್ಲಿದ್ದ ಉತ್ತರ ಬರಲಿ ಅಂತ ಅವಳ ಉತ್ತರ ಬದಲಿಸಿಬಿಟ್ಟೆ.’ ಹುಡುಗಿ ಎದ್ದು ನಿಂತು, ‘ನಂಗೂ 78 ಅಂತಲೇ ಕಾಣಿಸ್ತಿತ್ತು ಮಿಸ್. ನೀವು ಹೇಳಿದ್ರಲ್ಲ ಅಂತ...’ ಎಂದು ಕೂತುಕೊಂಡಳು. ಆ ವಾಕ್ಯ ಮುಗಿಸದೇ ಇದ್ದದ್ದೇ ನನಗೆ ಹೆಚ್ಚು ಚುಚ್ಚಿತು.

ಆ ದಿನದ ಪ್ರಯೋಗಕ್ಕೆ ಬಿಸಿಯೂಟದ ಕೋಣೆಯಿಂದ ಒಂದೇ ಅಳತೆಯ ಎರಡು ಸ್ಟೀಲ್ ಡಬ್ಬಿ ತಂದೆ. ಒಂದರ ಹೊರಮೈಗೆ ಮೇಣದಬತ್ತಿಯ ಮಸಿ ಹಿಡಿಸಿದ್ದೆ. ಈ ಸಲ ಮಕ್ಕಳು ಊಹೆಯನ್ನು ಮೊದಲೇ ಬರೆದರು, ಓದಿದ ಅಂಕಿಯನ್ನು ಪೆನ್ನಿನಲ್ಲಿ ಬರೆದರು, ಅಳಿಸುವಂತಿಲ್ಲ. ಮಸಿಯ ಡಬ್ಬಿ ‘ಕಪ್ಪು ಬಿಸಿ ಹಿಡಿಯುತ್ತೆ’ ಎಂದು ಬಹುಪಾಲು ಜನ ಊಹಿಸಿದ್ದರು. 20 ನಿಮಿಷಕ್ಕೆ ಹೊಳೆಯುವ ಡಬ್ಬಿ 79, ಮಸಿಯದು 74. ಈಗ ನಿರ್ವಾತದ ಪಾಟ್‌ಗೆ ಬಂದಾಗ ಪ್ರಶ್ನೆ ತಾನಾಗಿ ಹುಟ್ಟಿತು: ನಡುವೆ ಏನೂ ಇಲ್ಲದಿದ್ದರೆ ವಹನವಿಲ್ಲ, ಸಂವಹನವಿಲ್ಲ, ವಿಕಿರಣ? ಅದು ನಿರ್ವಾತವನ್ನೂ ದಾಟುತ್ತದೆ, ಸೂರ್ಯನ ಬಿಸಿಲು ಬರುವುದೇ ಹಾಗೆ. ಅದಕ್ಕೇ ಒಳಗೋಡೆಗಳು ಹೊಳೆಯಬೇಕು. 1892ರಲ್ಲಿ ಜೇಮ್ಸ್ ಡೀವರ್ ಇಂಥ ಪಾತ್ರೆ ಮಾಡಿದ್ದು ಬಿಸಿ ಚಹಾಕ್ಕಲ್ಲ, ಅತಿ ತಣ್ಣನೆಯ ದ್ರವೀಕೃತ ಅನಿಲಗಳನ್ನು ಇಡಲು ಎಂದಾಗ ಹಿಂದಿನ ಬೆಂಚಿನಿಂದ ‘ಹಂಗಾದ್ರೆ ಐಸ್‌ಕ್ರೀಮೂ ಇಡಬಹುದು’ ಎಂಬ ಮಾತು ಬಂತು. ಸರಿಯಾದ ತೀರ್ಮಾನ.

ಕೊನೆಗೆ ಪಾಟ್‌ನಲ್ಲಿ ನಿಜವಾಗಿ ಚಹಾ ಮಾಡಿದೆ: 200 ಮಿ.ಲೀ.ಗೆ ಸುಮಾರು 2 ಗ್ರಾಂ ಎಲೆಯಂತೆ, ನಾಲ್ಕು ನಿಮಿಷ. ಎಲೆ ಒಳಗೇ ಇರಲಿ, ಬಿಸಿ ಇರುತ್ತಲ್ಲ ಎಂದುಕೊಂಡಿದ್ದೆ. ತಂದೆ ಸೈಕಲ್ಲಿನ ಮೇಲೆ ಟೀ ಮಾರುವ ಹುಡುಗನೊಬ್ಬ ತಡೆದ. ‘ಸೋಸಿನೇ ಫ್ಲಾಸ್ಕ್‌ಗೆ ಹಾಕ್ಬೇಕು ಮಿಸ್. ಇಲ್ದಿದ್ರೆ ಕಹಿ, ಯಾರೂ ತಗೊಳ್ಳಲ್ಲ.’ ಅವನ ಮಾತು ಪಾಟ್‌ನ ದೊಡ್ಡ ಇಕ್ಕಟ್ಟನ್ನೇ ಹೇಳುತ್ತದೆ. ಸಾಮಾನ್ಯ ಪಾತ್ರೆಯಲ್ಲಿ ನೀರು ಆರುತ್ತಾ ಹೋದಂತೆ ಎಲೆಯಿಂದ ಒಗರು ಇಳಿಯುವುದೂ ನಿಧಾನವಾಗುತ್ತದೆ. ಇಲ್ಲಿ ಬಿಸಿ ಇಳಿಯುವುದಿಲ್ಲ, ಒಗರೂ ನಿಲ್ಲುವುದಿಲ್ಲ. ನಾವು ಮನೆಯಲ್ಲಿ ಬಳಸುವ ಹರಳು ಹರಳಾದ ಟೀ ಪುಡಿಯಾದರೆ ಇನ್ನೂ ಬೇಗ, ಸಣ್ಣ ಕಣಗಳ ಮೇಲ್ಮೈ ಹೆಚ್ಚು. ಹಸಿರು ಚಹಾಕ್ಕೆ ಸುಮಾರು 80 ಡಿಗ್ರಿ ನೀರು ಬೇಕು. ಪಾಟ್‌ನಲ್ಲಿ ತಾನೇ ಆರಲಿ ಎಂದು ಕಾದರೆ ಆಗದು, ಹೊರಗೆ ಆರಿಸಿಯೇ ಹಾಕಬೇಕು. ಹಾಲು ಬೆರೆಸಿದ ಚಹಾವನ್ನು ಇದರಲ್ಲಿ ದಿನವಿಡೀ ಇಡುವುದು ಬೇಡ. ಉಗುರುಬೆಚ್ಚಗಾಗುವ ಹೊತ್ತಿಗೆ ಸೂಕ್ಷ್ಮಜೀವಿಗಳಿಗೆ ಅದು ಹಿತವಾದ ಜಾಗ.

ಬುಟ್ಟಿ ಎತ್ತಿಟ್ಟೆ. ಆ ಹುಡುಗ ರುಚಿ ನೋಡಿ ‘ಹಾಲಿಲ್ಲ’ ಎಂದ, ಅಷ್ಟೇ.

ಗಂಟೆ ಹೊಡೆಯುವ ಮುನ್ನ 78 ಓದಿದ ಹುಡುಗಿ ಕೇಳಿದಳು: ‘ಪಿಂಗಾಣಿನೂ ಹೊಳೆಯುತ್ತಲ್ಲ ಮಿಸ್, ಅದ್ಯಾಕೆ ಸ್ಟೀಲ್ ಥರ ಅಲ್ಲ?’ ಕಣ್ಣಿಗೆ ಕಾಣುವ ಬೆಳಕಿಗೆ ಬಿಳಿಯಾಗಿ, ಹೊಳಪಾಗಿ ಕಾಣುವ ಮೈ ಉಷ್ಣ ವಿಕಿರಣದ ಮಟ್ಟಿಗೆ ಮಸಿಯ ಹಾಗೇ ವರ್ತಿಸಬಲ್ಲದು. ಇದನ್ನು ಬಾಯಲ್ಲಿ ಹೇಳಿ ಮುಗಿಸಲು ಮನಸ್ಸಾಗಲಿಲ್ಲ. ಮುಂದಿನ ಅವಧಿಗೆ ಎರಡು ಪಿಂಗಾಣಿ ಪಾಟ್, ಒಂದಕ್ಕೆ ರೊಟ್ಟಿ ಸುತ್ತುವ ಅಲ್ಯೂಮಿನಿಯಂ ಹಾಳೆ ಎಂದು ಬರೆದುಕೊಂಡೆ. ‘ನಿರೀಕ್ಷಿತ ಫಲಿತಾಂಶ’ ಕಾಲಂ ಖಾಲಿ ಬಿಟ್ಟಿದ್ದೇನೆ. ಅದನ್ನು ತುಂಬುವವರು ಮಕ್ಕಳು.