ಹತ್ತಿಯ ಬೀಜವನ್ನು ಪಟ್ಟಿಯಿಂದ ಪರೀಕ್ಷಿಸುವ ಕ್ರಮ

ಲಿಂಗಸುಗೂರು, ಮಸ್ಕಿ ಮತ್ತು ಸಿಂಧನೂರು ತಾಲ್ಲೂಕುಗಳ ಎರೆಭೂಮಿಯಲ್ಲಿ ಹತ್ತಿ ಬೆಳೆಯುವ ರೈತನು ಬೀಜದ ಪೊಟ್ಟಣಕ್ಕೆ ಹಣವನ್ನು ತೆತ್ತು, ಅದರೊಳಗೆ ಏನಿದೆಯೆಂಬುದನ್ನು ಕಣ್ಣಿನಿಂದ ತಿಳಿಯಲಾರದೆಯೇ ಬಿತ್ತುವನು. ಬಿ.ಟಿ. ಬೀಜಕ್ಕೂ ಸಾಧಾರಣ ಸಂಕರ ಬೀಜಕ್ಕೂ ಬಣ್ಣದಲ್ಲಾಗಲಿ ಗಾತ್ರದಲ್ಲಾಗಲಿ ಭೇದವಿಲ್ಲ. ಕಾಯಿ ಕಟ್ಟುವಾಗ ಹುಳು ಬಿದ್ದ ಮೇಲೆ ಮೋಸವು ತಿಳಿದರೆ ಆ ವರ್ಷದ ಮುಂಗಾರು ಕೈತಪ್ಪಿದಂತೆಯೇ ಸರಿ. ಆದಕಾರಣ ಬೆಳೆಯು ಎಳೆಯದಾಗಿರುವಾಗಲೇ ಹೊಲದ ಬದುವಿನಲ್ಲಿ ಮಾಡಬಹುದಾದ ಒಂದು ಪರೀಕ್ಷೆಯನ್ನು ಗ್ರಾಮದ ಹಿರಿಯರೂ ಭೂಮಾಲೀಕರೂ ಅರಿತಿರುವುದು ಅವಶ್ಯ.

ಪರೀಕ್ಷೆಯ ತತ್ತ್ವ.— ಬಿ.ಟಿ. ಹತ್ತಿಯ ಗಿಡವು ಕಾಯಿಕೊರಕ ಹುಳುಗಳಿಗೆ ವಿಷವಾಗುವ ಪ್ರೋಟೀನನ್ನು, ಎಂದರೆ ಸಸಾರಜನಕವನ್ನು, ತಾನೇ ತಯಾರಿಸುವುದು. ಭಾರತದಲ್ಲಿ 2002ರಲ್ಲಿ ಅನುಮತಿ ಪಡೆದ ಹತ್ತಿಯಲ್ಲಿ ಕ್ರೈ1ಎಸಿ ಎಂಬ ಒಂದು ಪ್ರೋಟೀನಿದ್ದಿತು. 2006ರಲ್ಲಿ ಅನುಮತಿ ಪಡೆದುದರಲ್ಲಿ ಕ್ರೈ2ಎಬಿ ಎಂಬ ಎರಡನೆಯದೂ ಸೇರಿತು. ಈ ಪ್ರೋಟೀನನ್ನು ಹಿಡಿಯಲು ಅತಿ ಸೂಕ್ಷ್ಮವಾದ ಚಿನ್ನದ ಕಣಗಳನ್ನು ಉಪಯೋಗಿಸುವರು. ಒಂದು ಕಣವು ಸಾಮಾನ್ಯವಾಗಿ ಸುಮಾರು 40 ನ್ಯಾನೋಮೀಟರ್ ಅಗಲವಿರುವುದು. ಅಂತಹ 25,000 ಕಣಗಳನ್ನು ಸಾಲಾಗಿಟ್ಟರೆ ಒಂದು ಮಿಲಿಮೀಟರ್ ಆಗುವುದು. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯ ಗಣಿಯಿಂದ ತೆಗೆಯುವ ಚಿನ್ನವು ಹಳದಿಯಾದರೂ, ಅದೇ ಲೋಹವು ಇಷ್ಟು ಸಣ್ಣದಾಗಿ ನೀರಿನಲ್ಲಿ ಬೆರೆತಾಗ ಕೆಂಪಾಗಿ ಕಾಣುವುದು. ಇದನ್ನು ಮೈಕೇಲ್ ಫ್ಯಾರಡೆಯವರು 1857ರಲ್ಲಿ ವಿವರಿಸಿದರು.

ಈ ಕಣಗಳ ಮೈಗೆ, ಬೇಕಾದ ಪ್ರೋಟೀನನ್ನು ಮಾತ್ರ ಅಂಟಿಕೊಳ್ಳುವ ಪ್ರತಿಕಾಯಗಳನ್ನು ಲೇಪಿಸಿ, ಕಾಗದದಂತಹ ಪಟ್ಟಿಯ ಕೆಳಭಾಗದಲ್ಲಿ ಒಣಗಿಸಿಟ್ಟಿರುವರು. ಎಲೆಯ ರಸವು ಪಟ್ಟಿಯಲ್ಲಿ ಮೇಲೇರುವಾಗ ಪ್ರೋಟೀನು ಕಣಕ್ಕೆ ಅಂಟುವುದು. ಮೇಲೆ ಗೆರೆಯಾಗಿ ಹಾಕಿರುವ ಇನ್ನೊಂದು ಪ್ರತಿಕಾಯವು ಅದೇ ಪ್ರೋಟೀನನ್ನು ತಡೆದು ನಿಲ್ಲಿಸುವುದು. ಕಣಗಳು ಅಲ್ಲಿ ಗುಂಪಾದುದರಿಂದ ಕೆಂಪು ಗೆರೆ ಮೂಡುವುದು. ಪ್ರೋಟೀನಿಲ್ಲದಿದ್ದರೆ ಕಣಗಳು ಆ ಗೆರೆಯಲ್ಲಿ ನಿಲ್ಲದೆ ಮುಂದೆ ಸಾಗುವುವು.

ಮಾಡುವ ವಿಧಾನ.— ಗಿಡದ ತುದಿಯ ಎಳೆಯ ಎಲೆಯಿಂದ ಚಿಕ್ಕ ತುಂಡನ್ನು ತೆಗೆದು, ಪಟ್ಟಿಯೊಡನೆ ಬರುವ ದ್ರವದಲ್ಲಿ ಚೆನ್ನಾಗಿ ಅರೆದು, ಪಟ್ಟಿಯ ತುದಿಯನ್ನು ಅದರಲ್ಲಿ ಅದ್ದಿ, ತಯಾರಕರು ಹೇಳಿದಷ್ಟು ನಿಮಿಷ ಕಾಯತಕ್ಕದ್ದು. ಎಲ್ಲಕ್ಕೂ ಮೇಲಿನ ಗೆರೆಯು ಪಟ್ಟಿಯು ಸರಿಯಾಗಿದೆಯೆಂಬುದರ ಸಾಕ್ಷಿ. ಅದು ಕಾಣದಿದ್ದರೆ ಆ ಪರೀಕ್ಷೆಯು ಲೆಕ್ಕಕ್ಕಿಲ್ಲ.

ಹಲವು ಗಿಡಗಳ ಎಲೆಗಳನ್ನು ಒಟ್ಟುಗೂಡಿಸಿ ಅರೆಯಕೂಡದು. ಒಂದು ಬಿ.ಟಿ. ಎಲೆಯಿದ್ದರೂ ಗೆರೆ ಮೂಡುವುದರಿಂದ ಉಳಿದವುಗಳ ದೋಷವು ಮರೆಯಾಗುವುದು. ಹೊಲದ ಬೇರೆ ಬೇರೆ ಭಾಗಗಳಿಂದ ಇಪ್ಪತ್ತು ಗಿಡಗಳನ್ನಾದರೂ ಆರಿಸಿ ಒಂದೊಂದನ್ನೂ ಪ್ರತ್ಯೇಕವಾಗಿ ನೋಡತಕ್ಕದ್ದು.

ಫಲವನ್ನು ಅರಿಯುವ ಬಗೆ.— ಈಗಿನ 475 ಗ್ರಾಂ ಪೊಟ್ಟಣದಲ್ಲಿ 450 ಗ್ರಾಂ ಬಿ.ಟಿ. ಬೀಜದೊಡನೆ 25 ಗ್ರಾಂ ಬಿ.ಟಿ. ಅಲ್ಲದ ಬೀಜವನ್ನು ಬೇಕೆಂದೇ ಬೆರೆಸಿರುವರು. ಹುಳುಗಳು ವಿಷಕ್ಕೆ ಒಗ್ಗಿಹೋಗುವುದನ್ನು ನಿಧಾನಗೊಳಿಸುವುದೇ ಇದರ ಉದ್ದೇಶ. ಆದುದರಿಂದ ಇಪ್ಪತ್ತರಲ್ಲಿ ಒಂದೆರಡು ಗಿಡಗಳಲ್ಲಿ ಗೆರೆ ಕಾಣದಿದ್ದ ಮಾತ್ರಕ್ಕೆ ಅಂಗಡಿಯವನ ಮೇಲೆ ದೂರು ಹೊರಿಸುವುದು ನ್ಯಾಯವಲ್ಲ. ಐದಾರರಲ್ಲಿ ಕಾಣದಿದ್ದರೆ ಶಂಕೆಗೆ ಕಾರಣವುಂಟು. ಸಂಕರ ಬೆಳೆಯಿಂದಲೇ ತೆಗೆದ ಎರಡನೆಯ ತಲೆಮಾರಿನ ಬೀಜದಲ್ಲಿ ಸಾಮಾನ್ಯವಾಗಿ ನಾಲ್ಕರಲ್ಲಿ ಒಂದು ಪಾಲು ಗಿಡಗಳು ಒಂದು ಪ್ರೋಟೀನನ್ನು ಕಳೆದುಕೊಂಡಿರುವುವು. ಆಗ ಪ್ರಯೋಗಶಾಲೆಯ ಪರೀಕ್ಷೆಯೇ ಪ್ರಮಾಣ.

ಗೆರೆ ಮೂಡಿದರೂ ನಿಶ್ಚಿಂತೆಯಿಂದಿರಕೂಡದು. ಪಟ್ಟಿಯು ಪ್ರೋಟೀನು ಇದೆಯೆಂಬುದನ್ನು ಹೇಳುವುದೇ ಹೊರತು ಎಷ್ಟಿದೆಯೆಂಬುದನ್ನು ಹೇಳಲಾರದು. ಗಿಡಕ್ಕೆ ವಯಸ್ಸಾದಂತೆ ಕ್ರೈ1ಎಸಿಯು ಕುಗ್ಗುವುದು. ಅಲ್ಲದೆ ಗುಲಾಬಿ ಕಾಯಿಕೊರಕವು ಭಾರತದಲ್ಲಿ ಎರಡು ಪ್ರೋಟೀನುಗಳಿಗೂ ಒಗ್ಗಿಹೋಗಿದೆ. ಆದಕಾರಣ ಮೋಹಕ ಬಲೆಗಳನ್ನು ಕಟ್ಟುವುದು, ಹಸಿರು ಕಾಯಿಗಳನ್ನು ಸೀಳಿ ನೋಡುವುದು, ಬೆಳೆಯನ್ನು ಸಕಾಲದಲ್ಲಿ ಮುಗಿಸಿ ಕಟ್ಟಿಗೆಯನ್ನು ನಾಶಮಾಡುವುದು, ಇವನ್ನು ಬಿಡಲಾಗದು. ಕಳೆನಾಶಕವನ್ನು ತಡೆಯುವ ಹತ್ತಿಯೆಂದು ಗುಟ್ಟಾಗಿ ಮಾರುವ ಬೀಜಕ್ಕೆ ಭಾರತದಲ್ಲಿ ಅನುಮತಿಯಿಲ್ಲ. ಅದರ ಪ್ರೋಟೀನನ್ನು ಪತ್ತೆಹಚ್ಚಲು ಬೇರೆ ಪಟ್ಟಿಗಳುಂಟು.

ರೈತನ ರಕ್ಷಣೆ.— ಪಟ್ಟಿಯ ಗೆರೆಯು ಸೂಚನೆಯೇ ಹೊರತು ತೀರ್ಪಲ್ಲ. ಬೀಜ ಕೊಂಡ ರಸೀದಿ, ತಳಿಯ ಹೆಸರೂ ಲಾಟ್ ಸಂಖ್ಯೆಯೂ ಇರುವ ಖಾಲಿ ಪೊಟ್ಟಣ ಮತ್ತು ಒಂದು ಹಿಡಿ ಬೀಜ, ಇವು ಮೂರನ್ನೂ ಬೆಳೆ ಕೈಸೇರುವವರೆಗೆ ಜೋಪಾನವಾಗಿಡತಕ್ಕದ್ದು. ಶಂಕೆ ಬಂದ ಕೂಡಲೇ ರೈತ ಸಂಪರ್ಕ ಕೇಂದ್ರಕ್ಕೆ ಬರಹದಲ್ಲಿ ತಿಳಿಸತಕ್ಕದ್ದು. 1966ರ ಬೀಜ ಕಾಯಿದೆಯಂತೆ ಬೀಜ ಪರಿವೀಕ್ಷಕನು ಮಾದರಿಯನ್ನು ಮೂರು ಪಾಲು ಮಾಡಿ, ಒಂದನ್ನು ಮಾರಾಟಗಾರನಿಗೆ ಕೊಟ್ಟು, ಒಂದನ್ನು ವಿಶ್ಲೇಷಕನಿಗೆ ಕಳುಹಿಸಿ, ಒಂದನ್ನು ಕಾಯ್ದಿಡುವನು. ರಸೀದಿಯಿಲ್ಲದೆ ಸಂತೆಯಲ್ಲಿ ಅಗ್ಗಕ್ಕೆ ಕೊಂಡವನು ತನ್ನ ನಷ್ಟವನ್ನು ರುಜುವಾತುಪಡಿಸುವುದು ಬಲು ಕಷ್ಟ. ಗ್ರಾಮದ ಹಿರಿಯರು ಬಿತ್ತನೆಗೆ ಮೊದಲೇ ಈ ಮಾತನ್ನು ಸಣ್ಣ ಹಿಡುವಳಿದಾರರಿಗೂ ಗುತ್ತಿಗೆ ರೈತರಿಗೂ ತಿಳಿಯಹೇಳಿದರೆ, ಹತ್ತಾರು ಮನೆಗಳ ಒಂದು ವರ್ಷದ ದುಡಿಮೆಯು ಉಳಿಯುವುದು.