ಐಆರ್-8: ಒಂದು ಗಿಡದಿಂದ ಬಂದ ಭತ್ತದ ತಳಿ

ಭತ್ತದ ಇಳುವರಿ ಸುಧಾರಣೆಯ ಪ್ರಶ್ನೆ ಬಂದರೆ ಐಆರ್-8ರಿಂದಲೇ ಓದು ಆರಂಭಿಸಿ. ಎತ್ತರದ ಹಳೆಯ ತಳಿಗಳಿಗೆ ಸಾರಜನಕ ಗೊಬ್ಬರ ಹೆಚ್ಚು ಕೊಟ್ಟರೆ ಪೈರು ಬೆಳೆದು ನೆಲಕ್ಕೊರಗುತ್ತಿತ್ತು. ಕಾಳಿಗಿಂತ ಹುಲ್ಲೇ ಜಾಸ್ತಿ.

ಫಿಲಿಪ್ಪೀನ್ಸ್‌ನ ಲಾಸ್ ಬಾನ್ಯೋಸ್‌ನಲ್ಲಿರುವ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ (ಸ್ಥಾಪನೆ: 1960) ಪೀಟರ್ ಜೆನ್ನಿಂಗ್ಸ್ 1962ರಲ್ಲಿ ಇಂಡೋನೇಷ್ಯಾದ ಎತ್ತರದ 'ಪೇಟಾ' ಮತ್ತು ತೈವಾನಿನ ಗಿಡ್ಡ ತಳಿ 'ಡೀ-ಜಿಯೊ-ವೂ-ಜೆನ್' ನಡುವೆ ಸಂಕರಣ ಮಾಡಿದರು. ಮೊದಲ ಪೀಳಿಗೆಯ ಸಸಿಗಳೆಲ್ಲ ಎತ್ತರ. ಎರಡನೆಯದರಲ್ಲಿ ಸುಮಾರು ಕಾಲುಭಾಗ ಗಿಡ್ಡ. ಮೆಂಡೆಲ್‌ನ 3:1 ಅನುಪಾತವಿದು. ಗಿಡ್ಡತನಕ್ಕೆ ಕಾರಣ ಎಸ್‌ಡಿ-1 ಎಂಬ ಒಂದೇ ಅಪ್ರಬಲ ಜೀನ್. ಪರೀಕ್ಷಕರಿಗೆ ಪ್ರಿಯವಾದ ಪ್ರಶ್ನೆ ಇಲ್ಲೇ ಅಡಗಿದೆ.

ಆಮೇಲೆ ಆಯ್ಕೆಯ ಕೆಲಸ. ಗಿಡ್ಡ, ಗಟ್ಟಿ ಕಾಂಡ, ನೆಟ್ಟಗಿನ ಎಲೆ, ಹೆಚ್ಚು ತೆಂಡೆ ಇರುವ ಗಿಡಗಳನ್ನು ಪ್ರತಿ ಪೀಳಿಗೆಯಲ್ಲೂ ಆರಿಸಿ, ಅವುಗಳ ಬೀಜವನ್ನು ಬೇರೆ ಬೇರೆ ಸಾಲುಗಳಲ್ಲಿ ಬೆಳೆಸಿ ವಂಶ ದಾಖಲಿಸುವುದೇ ವಂಶಾವಳಿ ಪದ್ಧತಿ. ಅದೇ ಸಂಸ್ಥೆಯ ಹೆನ್ರಿ ಬೀಚೆಲ್ ಆರಿಸಿದ ಐಆರ್8-288-3 ಎಂಬ ಹೆಸರನ್ನು ಬಿಡಿಸಿ ಓದಿ: 8ನೇ ಸಂಕರಣ, 288ನೇ ಸಾಲು, 3ನೇ ಗಿಡ. 1966ರಲ್ಲಿ ಅದೇ ಐಆರ್-8 ಆಗಿ ಬಿಡುಗಡೆಯಾಯಿತು.

ಅನ್ನ ಮಾತ್ರ ರುಚಿಸಲಿಲ್ಲ: ಕಾಳಿನಲ್ಲಿ ಸುಣ್ಣದಂಥ ಬಿಳುಪು, ಆರಿದರೆ ಗಟ್ಟಿ. ರೋಗ, ಕೀಟಗಳಿಗೂ ಬೇಗ ತುತ್ತಾಗುತ್ತಿತ್ತು. ಅಲ್ಲಿನ ತಳಿ ವಿಜ್ಞಾನಿ ಗುರುದೇವ್ ಖುಷ್ ಅವರ ಐಆರ್-36, ಐಆರ್-64 ಈ ಕೊರತೆ ತುಂಬಲು ಬಂದವು. ಬೀಚೆಲ್, ಖುಷ್ ಇಬ್ಬರಿಗೂ 1996ರ ವಿಶ್ವ ಆಹಾರ ಪ್ರಶಸ್ತಿ. ಕರ್ನಾಟಕದ ರೈತರಿಗೆ ಪರಿಚಿತವಾದ 'ಜಯಾ' (1968) ಐಆರ್-8ರಂತೆಯೇ ಗಿಡ್ಡ, ಆದರೆ ಭಾರತದಲ್ಲೇ ಅಭಿವೃದ್ಧಿಪಡಿಸಿದ ತಳಿ. ಅದರ ಪೋಷಕ ತಳಿಗಳು ಟಿಎನ್-1 ಮತ್ತು ಟಿ-141.