ಅಡ್ವಾನ್ಸ್ ಕೊಡುವ ಮುನ್ನ ನೋಂದಣಿ ಲೆಕ್ಕ

ದಾವಣಗೆರೆಯಲ್ಲಿ ಮನೆ ವ್ಯಾಪಾರಕ್ಕೆ ಕೂತವರು ಹತ್ತು ಸಾವಿರಕ್ಕೂ ಚೌಕಾಸಿ ಮಾಡುತ್ತಾರೆ. ನೋಂದಣಿ ಖರ್ಚಿನ ಮಾತು ಬಂದರೆ ಮಾತ್ರ ‘ಪತ್ರ ಬರೆಯೋರು ಹೇಳ್ತಾರೆ ಬಿಡ್ರಿ’ ಎಂದು ಸುಮ್ಮನಾಗುತ್ತಾರೆ. ಲಕ್ಷಗಳ ಪೆಟ್ಟು ಬೀಳುವುದು ಅಲ್ಲೇ.

2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಏರಿದೆ. ಮುದ್ರಾಂಕ ಶುಲ್ಕ ಶೇ 5. ಆ ಶುಲ್ಕದ ಮೇಲೆ ಶೇ 10 ಸೆಸ್, ನಗರದಲ್ಲಾದರೆ ಶೇ 2 ಸರ್ಚಾರ್ಜ್. ಪಾಲಿಕೆ ವ್ಯಾಪ್ತಿಯ 40 ಲಕ್ಷದ ಮನೆಗೆ ಮುದ್ರಾಂಕ 2,00,000, ಸೆಸ್ 20,000, ಸರ್ಚಾರ್ಜ್ 4,000, ನೋಂದಣಿ 80,000: ಒಟ್ಟು 3,04,000 ರೂಪಾಯಿ. ಹರಿಹರ ಪಟ್ಟಣದಲ್ಲೂ ಇಷ್ಟೇ. ಪಂಚಾಯಿತಿ ವ್ಯಾಪ್ತಿಯ ಲೇಔಟ್ ಆದರೆ ಸರ್ಚಾರ್ಜ್ ಶೇ 3. ‘ಹಳ್ಳಿ ಲೆಕ್ಕ, ಖರ್ಚು ಕಮ್ಮಿ’ ಎನ್ನುವ ಬ್ರೋಕರ್ ಮಾತು ಸುಳ್ಳು. ಈ ಮೊತ್ತವನ್ನು ಬ್ಯಾಂಕುಗಳು ಸಾಮಾನ್ಯವಾಗಿ ಗೃಹಸಾಲದಲ್ಲಿ ಸೇರಿಸುವುದಿಲ್ಲ, ಕೈಯಿಂದಲೇ ಹೊಂದಿಸಬೇಕು.

45 ಲಕ್ಷದೊಳಗಿನ ಹೊಸ ಫ್ಲ್ಯಾಟ್‌ನ ಮೊದಲ ಮಾರಾಟಕ್ಕೆ ಮುದ್ರಾಂಕ ಶುಲ್ಕ ಶೇ 3, 20 ಲಕ್ಷದೊಳಗೆ ಶೇ 2. ಸೈಟು, ಬಿಡಿ ಮನೆಗಳನ್ನೇ ಹೆಚ್ಚು ಕೊಳ್ಳುವ ನಮ್ಮೂರಿಗೆ ಇದರಿಂದ ದೊಡ್ಡ ಉಪಕಾರವಿಲ್ಲ. ಬೆಂಗಳೂರನ್ನು ಕಣ್ಣಮುಂದಿಟ್ಟುಕೊಂಡ ರಿಯಾಯಿತಿ ಅದು.

ನೀವು ಕೊಟ್ಟ ಬೆಲೆಗಿಂತ ಸರ್ಕಾರದ ಮಾರ್ಗಸೂಚಿ ದರ ಹೆಚ್ಚಿದ್ದರೆ ಶುಲ್ಕ ಆ ದರಕ್ಕೇ. ದರವನ್ನು ಕಾವೇರಿ 2.0 ಪೋರ್ಟಲ್‌ನಲ್ಲಿ ಬಡಾವಣೆವಾರು ನೋಡಬಹುದು. ರಸ್ತೆಯಿಲ್ಲದ ಹಿಂಬದಿ ಮನೆಗೂ ಮುಖ್ಯರಸ್ತೆಯ ದರ ಹಾಕಿದ್ದಾರೆ ಅನ್ನಿ, ತಲೆಬಾಗಬೇಕಿಲ್ಲ. ಕರ್ನಾಟಕ ಮುದ್ರಾಂಕ ಕಾಯ್ದೆ 1957ರ 45ಎ ಕಲಮಿನಡಿ ನಿಜಬೆಲೆ ನಿರ್ಧಾರಕ್ಕೆ ಪ್ರಕರಣವನ್ನು ಜಿಲ್ಲಾ ನೋಂದಣಾಧಿಕಾರಿಗೆ ಒಯ್ಯಬಹುದು. ಅಲ್ಲಿ ಫೋಟೊ, ನಕ್ಷೆ, ಅಕ್ಕಪಕ್ಕದ ಕ್ರಯಪತ್ರಗಳ ಪ್ರತಿ ಮುಂದಿಟ್ಟು ವಾದಿಸಿ. ಅಲ್ಲಿಯವರೆಗೆ ನೋಂದಣಿ ತಡೆಯಲ್ಲಿರುತ್ತದೆ. ಮಾರುವವರನ್ನು ಮೊದಲೇ ಒಪ್ಪಿಸಿಕೊಂಡಿರಿ.

ಪತ್ರದಲ್ಲಿ ಕಡಿಮೆ ತೋರಿಸಿ ಉಳಿದದ್ದನ್ನು ನಗದಾಗಿ ಕೊಡುವ ಹಳೇ ಚಾಳಿ ಈಗ ತಿರುಗಿ ಹೊಡೆಯುತ್ತದೆ. ಸರ್ಕಾರದ ಮೌಲ್ಯ ಪತ್ರದ ಬೆಲೆಗಿಂತ ಶೇ 10ಕ್ಕೂ ಹೆಚ್ಚಿದ್ದು, ವ್ಯತ್ಯಾಸ 50,000 ದಾಟಿದರೆ ಅದು ಕೊಂಡವರ ಆದಾಯವೆಂದು ತೆರಿಗೆಗೆ ಒಳಪಡುತ್ತದೆ. 50 ಲಕ್ಷ ಮತ್ತು ಮೇಲಿನ ವ್ಯವಹಾರದಲ್ಲಿ ಶೇ 1 ಟಿಡಿಎಸ್ ಹಿಡಿದು ಕಟ್ಟುವ ಹೊಣೆಯೂ ಕೊಳ್ಳುವವರದೇ.

ನೋಂದಣಿಗೆ ಇ-ಖಾತಾ ಬೇಕು. ‘ಆಮೇಲೆ ಮಾಡಿಸಿಕೊಡ್ತೀನಿ’ ಎನ್ನುವವರಿಗೆ ಅಡ್ವಾನ್ಸ್ ಕೊಡಬೇಡಿ. ಬೇರೆ ಕರಾರಿಲ್ಲದಿದ್ದರೆ ಮುದ್ರಾಂಕ ಶುಲ್ಕ ಕೊಳ್ಳುವವರ ತಲೆಗೇ. ಮಾರುವವರು ಪಾಲು ಕೊಡಲು ಒಪ್ಪಿದ್ದರೆ ಅಗ್ರಿಮೆಂಟಿನಲ್ಲೇ ಬರೆಸಿ. ಸಹಿಯಾದ ಕ್ರಯಪತ್ರವನ್ನು ನಾಲ್ಕು ತಿಂಗಳೊಳಗೆ ನೋಂದಣಿಗೆ ಹಾಜರುಪಡಿಸಬೇಕು, ತಡವಾದರೆ ದಂಡ ಬೀಳುತ್ತದೆ.